15 ಸಾವಿರ ಕೊಟ್ಟರೂ ಮುಗಿಯದ ಅಪಘಾತ: ಈಗೇನು ಮಾಡಬೇಕು?

ಪ್ರಶ್ನೆ: ನಾವು ಧಾರವಾಡದವರು, ಈಗ ಪುಣೆಯ ವಾಕಡ್‌ನಲ್ಲಿದ್ದೇವೆ. ಹಿಂದಿನ ವಾರ ಭಾನುವಾರ ರಾತ್ರಿ ಊರಿಂದ ವಾಪಸ್ ಬರುವಾಗ, ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯುವಲ್ಲಿ ಮುಂದಿನ ಗಾಡಿಗಳು ಗಕ್ಕನೆ ನಿಂತವು. ನಾನೂ ಬ್ರೇಕ್ ಹಾಕಿದೆ. ಹಿಂದಿನಿಂದ ಒಂದು ಟೆಂಪೋ ಗುದ್ದಿತು, ನಮ್ಮ ಕಾರು ಹೋಗಿ ಮುಂದಿನ ಕಾರಿಗೆ ಬಡಿಯಿತು. ಗದ್ದಲದಲ್ಲಿ ಟೆಂಪೋದವನು ಹೊರಟೇಹೋದ. ಮುಂದಿನ ಕಾರಿನವರು ಕೂಗಾಡಿದರು, ಜನ ಸೇರಿದರು. ನಮ್ಮದು ಕೆಎ-25 ಗಾಡಿ, ಜೊತೆಗೆ ಹೆಂಡತಿ, ಮಗ ಇದ್ದರು. 15 ಸಾವಿರ ಯುಪಿಐ ಮಾಡಿ, ಸಾರಿ ಹೇಳಿ ಬಂದುಬಿಟ್ಟೆ. ಪೊಲೀಸರಿಗೆ ಹೇಳಲಿಲ್ಲ. ಈಗ ಅವರು ಫೋನ್ ಮಾಡಿ, ‘ಹಿಂದೆ ಕೂತಿದ್ದ ತಾಯಿಯ ಮಣಿಕಟ್ಟು ಮುರಿದಿದೆ, 1 ಲಕ್ಷ ಕೊಡಿ, ಇಲ್ಲದಿದ್ದರೆ ಕೇಸ್’ ಅನ್ನುತ್ತಿದ್ದಾರೆ. ಇನ್ಶೂರೆನ್ಸ್‌ನವರು ಎಫ್‌ಐಆರ್ ಕೇಳುತ್ತಿದ್ದಾರೆ. ಹೆಂಡತಿಗೆ ಕುತ್ತಿಗೆ ನೋವು ಇನ್ನೂ ಇದೆ. ಮಗ ಮೊಬೈಲಿನಲ್ಲಿ ಸಣ್ಣದೊಂದು ವಿಡಿಯೋ ತೆಗೆದಿದ್ದಾನೆ. ಫುಲ್ ಇನ್ಶೂರೆನ್ಸ್ ಇದೆ. ಈಗ ಏನು ಮಾಡಲಿ? ಆ ತಾಯಿಯನ್ನು ನೋಡಿ ಬರಬೇಕೆಂದು ಮನಸ್ಸಿದೆ. ಹೋದರೆ ತಪ್ಪು ಒಪ್ಪಿಕೊಂಡಂತಾಗುತ್ತದೆಯೇ?

ಉತ್ತರ: ಇನ್ನು ಒಂದು ರೂಪಾಯಿಯನ್ನೂ ಕೈಯಿಂದ ಕೊಡಬೇಡಿ. ಮುಂದಿನ ಕಾರಿನವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಬೆಲ್ಟ್ ಹಾಕದೆ ಹಿಂದೆ ಕೂತ ವಯಸ್ಸಾದವರು ಗುದ್ದಿದ ಕ್ಷಣ ಮುಂದಿನ ಸೀಟಿಗೆ ಕೈ ಊರುತ್ತಾರೆ, ಮಣಿಕಟ್ಟು ಹೋಗುತ್ತದೆ; ಇಂಥ ಫೈಲುಗಳು ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ವಕೀಲನಾದ ನನ್ನ ಮೇಜಿನ ಮೇಲೆ ಬರುತ್ತಲೇ ಇರುತ್ತವೆ. ಅವರ ನೋವು ನಿಜವೇ ಇರಬಹುದು. ಆದರೆ ಅದಕ್ಕೆ ಬೆಲೆ ಕಟ್ಟುವ ಕೆಲಸ ನಿಮ್ಮದೂ ಅಲ್ಲ, ಅವರದೂ ಅಲ್ಲ. ಅದಕ್ಕೆಂದೇ ನೀವು ವರ್ಷಾ ವರ್ಷ ಥರ್ಡ್ ಪಾರ್ಟಿ ಪ್ರೀಮಿಯಂ ಕಟ್ಟುತ್ತಿದ್ದೀರಿ.

ನಿಮ್ಮ ಪಾಲಿಸಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದ ಷರತ್ತುಗಳಿವೆ. ಅದರಲ್ಲೊಂದು: ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆದಾರ ತಪ್ಪನ್ನು ಒಪ್ಪಿಕೊಳ್ಳಬಾರದು, ಹಣ ಕೊಡುತ್ತೇನೆಂದು ಮಾತು ಕೊಡಬಾರದು, ಕೊಡಲೂಬಾರದು. ಬಹುತೇಕ ಯಾರೂ ಇದನ್ನು ಓದಿರುವುದಿಲ್ಲ. ಈಗಾಗಲೇ ಕೊಟ್ಟ 15 ಸಾವಿರದಿಂದ ಆಕಾಶ ಬೀಳುವುದಿಲ್ಲ. ಜನ ಮುತ್ತಿಕೊಂಡಾಗ, ಹೆಂಡತಿ ಮಕ್ಕಳು ಜೊತೆಗಿರುವಾಗ ಕೊಟ್ಟದ್ದು ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ಇವತ್ತು, ತಣ್ಣಗೆ ಕೂತು ಯೋಚಿಸಿ 1 ಲಕ್ಷ ಕಳಿಸಿದರೆ ಅದು ಬೇರೆಯದೇ ಕಥೆ. ನಾಳೆ ಟೆಂಪೋದ ವಿಮಾ ಕಂಪನಿಯ ವಕೀಲರು ‘ತಪ್ಪು ಇವರದೇ, ಇಲ್ಲದಿದ್ದರೆ ಎರಡು ಸಲ ಯಾಕೆ ದುಡ್ಡು ಕೊಟ್ಟರು?’ ಎಂದು ಕೇಳುತ್ತಾರೆ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಆದರೆ ಹಣಕ್ಕೂ ಮೊದಲು ನಿಮ್ಮ ಹೆಂಡತಿಯ ಕುತ್ತಿಗೆ. ಇವತ್ತೇ ಮೂಳೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹಿಂದಿನಿಂದ ಗುದ್ದಿದಾಗ ಮೈ ಸೀಟಿನ ಜೊತೆ ಮುಂದಕ್ಕೆ ಹೋಗುತ್ತದೆ, ತಲೆ ಒಂದು ಕ್ಷಣ ಹಿಂದೆಯೇ ಉಳಿಯುತ್ತದೆ. ಕುತ್ತಿಗೆಯ ಸ್ನಾಯು ಮತ್ತು ತಂತುಗಳು ಆ ಜಗ್ಗಾಟದಲ್ಲಿ ಘಾಸಿಯಾಗುತ್ತವೆ. ಆ ರಾತ್ರಿ ಏನೂ ಅನಿಸುವುದಿಲ್ಲ, ಮರುದಿನ ಕುತ್ತಿಗೆ ತಿರುಗುವುದಿಲ್ಲ. ಹೆಚ್ಚಿನವರಿಗೆ ಕೆಲ ವಾರಗಳಲ್ಲಿ ವಾಸಿಯಾಗುತ್ತದೆ. ಕೈ ಜುಮ್ ಅನ್ನುವುದು, ಬೆರಳಲ್ಲಿ ಬಲ ಇಲ್ಲದಿರುವುದು, ಹೆಚ್ಚುತ್ತಲೇ ಇರುವ ತಲೆನೋವು, ವಾಂತಿ, ಮಂಕು, ಇವುಗಳಲ್ಲಿ ಒಂದಿದ್ದರೂ ಅಪಾಯಿಂಟ್‌ಮೆಂಟ್ ಕಾಯದೆ ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವೈದ್ಯರಿಗೆ ‘ಕುತ್ತಿಗೆ ನೋವು’ ಎಂದಷ್ಟೇ ಹೇಳಬೇಡಿ. ಇಂಥ ದಿನ, ಇಂಥ ಕಡೆ ರಸ್ತೆ ಅಪಘಾತವಾಯಿತು, ಹಿಂದಿನಿಂದ ಟೆಂಪೋ ಗುದ್ದಿತು ಎಂದು ಹೇಳಿ, ಕೇಸ್ ಪೇಪರಿನಲ್ಲಿ ಹಾಗೆಯೇ ಬರೆಸಿ. ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಬರೆಸಿದರೆ ಪೊಲೀಸ್ ರಗಳೆ ತಪ್ಪುತ್ತದೆ ಅಂತ ಆಸ್ಪತ್ರೆಯ ಬಾಗಿಲಲ್ಲೇ ಯಾರೋ ಒಬ್ಬರು ಸಲಹೆ ಕೊಡುತ್ತಾರೆ. ಆ ಒಂದು ಸಾಲಿನಿಂದ ನಿಂತುಹೋದ ಪರಿಹಾರದ ಅರ್ಜಿಗಳು ಬೇಕಾದಷ್ಟಿವೆ.

ಇನ್ನು ಠಾಣೆ. ಯಾರಿಗಾದರೂ ಗಾಯವಾದ ಅಪಘಾತದಲ್ಲಿ ಚಾಲಕನ ಕರ್ತವ್ಯ ಏನೆಂದು 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ: ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡುವುದು, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸುವುದು. ಆ 24 ಗಂಟೆ ದಾಟಿಹೋಗಿದೆ. ಆದರೆ ಅಲ್ಲಿ ಗಾಯವಾಗಿದೆ ಎಂಬುದು ನಿಮಗೆ ಗೊತ್ತಾದದ್ದೇ ಈ ವಾರದ ಫೋನಿನಲ್ಲಿ. ಆ ಕರೆಯ ದಿನಾಂಕ, ಸಮಯ ನಿಮ್ಮ ಮೊಬೈಲಿನಲ್ಲಿದೆ. ಅದನ್ನೇ ತಡವಾದುದಕ್ಕೆ ಕಾರಣವಾಗಿ ಬರೆದು, ಇವತ್ತು ಅಥವಾ ನಾಳೆ ದೂರು ಕೊಡಿ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಅಪಘಾತ ಪರಿಹಾರದ ಅರ್ಜಿ ಬಿದ್ದುಹೋಗಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ತಡವನ್ನು ಕೋರ್ಟ್ ಕ್ಷಮಿಸೀತು, ಕಾರಣ ಹೇಳದ ತಡವನ್ನು ಮಾತ್ರ ಅನುಮಾನದಿಂದ ನೋಡುತ್ತದೆ.

ಯಾವ ಠಾಣೆ? ನೀವಿರುವ ವಾಕಡ್ ಪಿಂಪ್ರಿ-ಚಿಂಚವಡ್ ಕಮಿಷನರೇಟ್‌ಗೆ ಸೇರಿದ್ದು, 2018ರಿಂದ ಅದು ಬೇರೆಯೇ ಆಗಿದೆ. ನವಲೆ ಬ್ರಿಡ್ಜ್ ಪುಣೆ ಶಹರ ಪೊಲೀಸರದು. ಅಪಘಾತದ ಜಾಗದ ಠಾಣೆಗೆ ನೇರ ಹೋಗುವುದು ಒಳ್ಳೆಯದು, ಪಂಚನಾಮೆ ಮಾಡಬೇಕಾದವರು ಅವರೇ. ಆದರೆ ಅಲ್ಲಿ ‘ಇದು ನಮ್ಮ ಹದ್ದಲ್ಲ’ ಎಂದರೆ ಸುತ್ತುತ್ತಾ ಕೂರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಹದ್ದು ಯಾವುದೇ ಇರಲಿ, ಮಾಹಿತಿಯನ್ನು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದನ್ನೇ ಝೀರೋ ಎಫ್‌ಐಆರ್ ಎನ್ನುತ್ತಾರೆ, ಆ ಹೆಸರು ಹೇಳಿದರೆ ಠಾಣೆಯಲ್ಲಿ ಎಲ್ಲರಿಗೂ ಗೊತ್ತು. ಹೋಗುವ ಮೊದಲು ಮಹಾರಾಷ್ಟ್ರ ಪೊಲೀಸ್ ವೆಬ್‌ಸೈಟಿನಲ್ಲಿ ಪ್ರಕಟವಾದ ಎಫ್‌ಐಆರ್‌ಗಳನ್ನು ಒಮ್ಮೆ ಹುಡುಕಿ ನೋಡಿ. ಮುಂದಿನ ಕಾರಿನವರು ಆಗಲೇ ಕೊಟ್ಟಿದ್ದರೆ ನಿಮ್ಮ ಹೆಸರು ಯಾವ ರೀತಿ ಬಂದಿದೆ ಎಂದು ತಿಳಿಯುತ್ತದೆ.

ಅರ್ಜಿಯನ್ನು ಮನೆಯಲ್ಲೇ ಕೂತು ಬರೆಯಿರಿ. ಹಿಂದಿ, ಇಂಗ್ಲಿಷ್, ಮರಾಠಿ, ನಿಮಗೆ ಸಲೀಸಾದ ಭಾಷೆಯಲ್ಲಿ ಬರೆದುಕೊಂಡು ಹೋಗಿ, ಎರಡು ಪ್ರತಿ. ದಿನ, ಸಮಯ, ಜಾಗ, ಯಾವ ಲೇನಿನಲ್ಲಿದ್ದಿರಿ, ಮುಂದಿನ ಗಾಡಿ ನಿಂತಾಗ ನೀವು ನಿಂತಿರೋ ಇಲ್ಲವೋ, ಎಷ್ಟು ಹೊತ್ತಿನ ನಂತರ ಹಿಂದಿನ ಏಟು ಬಿತ್ತು, ಎಷ್ಟು ಏಟು ಬಿದ್ದವು. ಈ ಕೊನೆಯದು ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ. ನೆನಪಿಲ್ಲದ್ದನ್ನು ‘ನೆನಪಿಲ್ಲ’ ಎಂದೇ ಬರೆಯಿರಿ. ವೇಗವನ್ನು ಅಂದಾಜಿಸಬೇಡಿ. ‘ನನ್ನ ತಪ್ಪೇನೂ ಇಲ್ಲ’ ಎಂಬ ಸಾಲೂ ಬೇಡ, ಅದನ್ನು ಸಂಗತಿಗಳೇ ಹೇಳಲಿ. 15 ಸಾವಿರ ಕೊಟ್ಟದ್ದನ್ನು ಮುಚ್ಚಿಡಬೇಡಿ; ‘ಜನ ಸೇರಿ ಒತ್ತಾಯಿಸಿದ್ದರಿಂದ, ಅವರ ಗಾಡಿಯ ಡ್ಯಾಮೇಜ್‌ಗೆಂದು ಕೊಟ್ಟೆ’ ಎಂದು ನಡೆದದ್ದನ್ನು ನಡೆದ ಹಾಗೆ ಹಾಕಿ. ಯುಪಿಐ ದಾಖಲೆ ಅವರ ಕೈಯಲ್ಲೂ ಇದೆಯಲ್ಲ.

ಎಫ್‌ಐಆರ್ ಮರಾಠಿಯಲ್ಲಿ ಬರುತ್ತದೆ. ವರ್ಷಗಟ್ಟಲೆ ಪುಣೆಯಲ್ಲಿದ್ದು ಬಾಯಿಮಾತಿನ ಮರಾಠಿ ಚೆನ್ನಾಗಿ ಬರುವ ನಮ್ಮವರಿಗೂ ಠಾಣೆಯ ಮರಾಠಿ ಬೇರೆಯೇ ಅನ್ನಿಸುತ್ತದೆ. ಸಹಿ ಹಾಕುವ ಮೊದಲು ಓದಿ ಹೇಳಿ ಎಂದು ಕೇಳುವುದು ನಿಮ್ಮ ಹಕ್ಕು. ಓದಿ ಹೇಳಿಯೇ ಸಹಿ ಹಾಕಿಸಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ, ಪ್ರತಿಯನ್ನೂ ಪುಕ್ಕಟೆ ಕೊಡಬೇಕು. ತನಿಖೆ ಶುರುವಾದ ಮೇಲೆ ತೆಗೆದುಕೊಳ್ಳುವ ಹೇಳಿಕೆ, ಇಲ್ಲಿ ಜಬಾಬ್ ಅನ್ನುತ್ತಾರಲ್ಲ, ಅದಕ್ಕೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಹಾಕಿ ಎಂದು ಒತ್ತಾಯಿಸಿದರೆ ಜಗಳವಾಡದೆ, ವಕೀಲರೊಬ್ಬರಿಗೆ ಫೋನ್ ಮಾಡಿ ಬರುತ್ತೇನೆ ಎನ್ನಿ. ಎರಡನೇ ಪ್ರತಿಯ ಮೇಲೆ ಠಾಣೆಯ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಮಾತ್ರ ಹೊರಗೆ ಬರಬೇಡಿ. ದೂರು ತೆಗೆದುಕೊಳ್ಳಲೇ ಇಲ್ಲವೆಂದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಡಿಸಿಪಿ ಕಚೇರಿಗೆ ಕಳಿಸಿ.

ನಿಮ್ಮ ಮೇಲೆಯೇ ಗುನ್ಹೆ ದಾಖಲಾದರೆ? ಆಗಬಹುದು, ಸಿಹಿ ಮಾತು ಹೇಳಿ ಕಳಿಸುವುದಿಲ್ಲ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಭಾರತೀಯ ನ್ಯಾಯ ಸಂಹಿತೆಯ 281 (ಬೇಜವಾಬ್ದಾರಿ ಚಾಲನೆ) ಮತ್ತು 125 (ಬೇಜವಾಬ್ದಾರಿಯಿಂದ ಇನ್ನೊಬ್ಬರಿಗೆ ಗಾಯ ಮಾಡಿದ್ದು) ಹಾಕುತ್ತಾರೆ. ಎರಡೂ ಜಾಮೀನು ಸಿಗುವಂಥವು. ಠಾಣೆಯಲ್ಲೇ ಜಾಮೀನು ಪಡೆಯುವುದು ನಿಮ್ಮ ಹಕ್ಕು, ಯಾರ ಔದಾರ್ಯವೂ ಅಲ್ಲ. ‘ಓಡಿಹೋದರೆ 10 ವರ್ಷ ಜೈಲು’ ಎಂಬ ವಾಟ್ಸ್ಯಾಪ್ ಸಂದೇಶ ನಿಮಗೂ ಬಂದಿರಬೇಕು. ಅದು 106ನೇ ಕಲಮಿನ ಎರಡನೇ ಉಪವಿಧಿ. ಸಾವು ಸಂಭವಿಸಿದ ಪ್ರಕರಣಕ್ಕೆ ಸಂಬಂಧಿಸಿದ್ದು, ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ ಅದನ್ನು ಜಾರಿಗೆ ತರದೆ ತಡೆಹಿಡಿದರು. ನಿಮ್ಮ ಪ್ರಕರಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾರನ್ನು ತಪಾಸಣೆಗೆ ಕೇಳಿದರೆ ಒಪ್ಪಿಸಿ. ತಪಾಸಣೆ ಮುಗಿಸಿ 24 ಗಂಟೆಯೊಳಗೆ ಮರಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 136ನೇ ಕಲಮಿನಲ್ಲಿದೆ. ಠಾಣೆಯ ಅಂಗಳದಲ್ಲಿ ಅದಕ್ಕಿಂತ ಹೆಚ್ಚು ದಿನ ನಿಂತದ್ದನ್ನೂ ನೋಡಿದ್ದೇನೆ. ಕಲಂ ಹೆಸರು ಹೇಳಿ ಲಿಖಿತವಾಗಿ ಕೇಳಿದಾಗ ಸಾಮಾನ್ಯವಾಗಿ ಬೇಗ ಬರುತ್ತದೆ.

ತಪ್ಪು ಯಾರದು ಎಂಬುದು ನಿಮ್ಮ ಕೇಸಿನ ಹೂರಣ. ಸಾಲಾಗಿ ಗುದ್ದಿದ ಗಾಡಿಗಳಲ್ಲಿ ನಡುವಿನವನ ಪಾಡು ಯಾವಾಗಲೂ ಕಷ್ಟ, ಏಕೆಂದರೆ ಮುಂದಿನವರ ಕಣ್ಣಿಗೆ ಬೀಳುವುದು ನಡುವಿನ ಕಾರು ಮಾತ್ರ. ಎರಡು ಸಾಧ್ಯತೆ. ನೀವು ಪೂರ್ತಿ ನಿಂತ ಮೇಲೆ ಟೆಂಪೋ ಬಂದು ನಿಮ್ಮನ್ನು ಮುಂದಕ್ಕೆ ದೂಡಿತು. ಆಗ ಹೊಣೆ ಟೆಂಪೋದ್ದು. ಅಥವಾ ನೀವೇ ಮೊದಲು ಮುಂದಿನ ಕಾರಿಗೆ ತಾಗಿದಿರಿ, ಆಮೇಲೆ ಹಿಂದಿನ ಏಟು ಬಿತ್ತು. ಆಗ ಅಂತರ ಕಾಪಾಡಲಿಲ್ಲವೆಂದು ನಿಮ್ಮ ಪಾಲಿಗೂ ಸ್ವಲ್ಪ ಬರುತ್ತದೆ. ಮುಂದಿನ ಕಾರಿನಲ್ಲಿದ್ದವರಿಗೆ ಒಂದು ಏಟು ಗೊತ್ತಾಯಿತೇ ಎರಡೇ ಎಂಬ ಪ್ರಶ್ನೆ ಕೋರ್ಟಿನಲ್ಲಿ ಇದಕ್ಕಾಗಿಯೇ ಬರುತ್ತದೆ. ಒಂದೇ ಏಟಾಗಿದ್ದರೆ ನಿಮ್ಮ ಪಕ್ಷ ಗಟ್ಟಿ. ಕಾರೂ ಸಾಕ್ಷಿ ಹೇಳುತ್ತದೆ: ಹಿಂಭಾಗ ಜಜ್ಜಿಹೋಗಿ ಮುಂಭಾಗ ಬರೀ ತರಚಿದ್ದರೆ ದೂಡಿದ ಬಲ ಹಿಂದಿನದು. ಇದಕ್ಕೇ ಹೇಳುವುದು, ರಿಪೇರಿಗೆ ಕೈ ಹಚ್ಚಿಸುವ ಮೊದಲು ನಾಲ್ಕೂ ಕಡೆಯಿಂದ, ಹತ್ತಿರದಿಂದ, ದೂರದಿಂದ, ನಂಬರ್ ಪ್ಲೇಟ್ ಕಾಣುವಂತೆ ಫೋಟೋ ತೆಗೆದಿಡಿ.

ಟೆಂಪೋ ಸಿಗುವುದೇ? ಮಗನ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ನಂಬರಿನ ನಾಲ್ಕು ಅಂಕಿ ಸಿಕ್ಕರೂ, ಬಣ್ಣ ಸಿಕ್ಕರೂ, ಹಿಂದೆ ಬರೆದ ಊರಿನ ಹೆಸರು ಸಿಕ್ಕರೂ ಸಾಕು. ವಿಡಿಯೋವನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಬೇಡಿ. ಮೂಲ ಫೈಲಿನಲ್ಲಿ ಸಮಯ ಉಳಿದಿರುತ್ತದೆ, ಫೋನನ್ನೂ ಈಗ ಬದಲಾಯಿಸಬೇಡಿ. ನೀವು ಊರಿಂದ ಬರುವಾಗ ಖೇಡ್ ಶಿವಾಪುರ ಟೋಲ್ ದಾಟಿದ್ದೀರಿ. ನಿಮ್ಮ ಫಾಸ್ಟ್ಯಾಗ್ ಸ್ಟೇಟ್‌ಮೆಂಟಿನಲ್ಲಿ ಆ ನಿಮಿಷ ದಾಖಲಾಗಿದೆ. ಟೆಂಪೋ ಕೂಡ ಅದೇ ಟೋಲಿನಿಂದ ಬಂದಿದ್ದರೆ ನಿಮ್ಮ ಆಸುಪಾಸಿನ ನಿಮಿಷಗಳ ಪಟ್ಟಿಯಲ್ಲಿ ಅದೂ ಇರುತ್ತದೆ. ಆ ಪಟ್ಟಿಯನ್ನು ನಿಮಗೆ ಕೊಡುವುದಿಲ್ಲ, ಪೊಲೀಸರು ಕೇಳಿದರೆ ಕೊಡುತ್ತಾರೆ. ಅರ್ಜಿಯಲ್ಲೇ ಒಂದು ಸಾಲು ಹಾಕಿ: ಟೋಲಿನ ದಾಖಲೆ ಮತ್ತು ಇಳಿಜಾರಿನ ಪಕ್ಕದ ಹೋಟೆಲು, ಪೆಟ್ರೋಲ್ ಪಂಪುಗಳ ಸಿಸಿಟಿವಿ ತರಿಸಿಕೊಳ್ಳಬೇಕೆಂದು ವಿನಂತಿ. ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂತುಬಿಡುತ್ತದೆ, ಆದ್ದರಿಂದ ನಿಮಗಿರುವ ನಿಜವಾದ ಅವಸರ ಇದೇ. ಪೂರ್ತಿ ನಂಬರ್ ಸಿಕ್ಕಿದರೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಅದರ ವಿಮೆ ಯಾವ ಕಂಪನಿಯದು, ಜೀವಂತವಿದೆಯೇ ಎಂದು ನೀವೇ ನೋಡಬಹುದು.

ಆ ಇಳಿಜಾರಿನ ಬಗ್ಗೆ ಒಂದು ಮಾತು. ಸುರಂಗದಿಂದ ನವಲೆ ಬ್ರಿಡ್ಜ್‌ವರೆಗೆ ರಸ್ತೆ ಉದ್ದಕ್ಕೂ ಇಳಿಯುತ್ತಲೇ ಹೋಗುತ್ತದೆ. ಡೀಸೆಲ್ ಉಳಿಸಲೆಂದು ಭಾರದ ಗಾಡಿಗಳನ್ನು ನ್ಯೂಟ್ರಲ್‌ನಲ್ಲಿ ಬಿಡುವ ಚಾಲಕರಿದ್ದಾರೆ. ಎಂಜಿನ್ ಹಿಡಿತ ತಪ್ಪಿ ಪೂರ್ತಿ ಹೊರೆ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು ಹಿಡಿಯುವುದೇ ಇಲ್ಲ. 2022ರ ನವೆಂಬರಿನಲ್ಲಿ ಅಲ್ಲಿ ಒಂದೇ ರಾತ್ರಿ ಹತ್ತಾರು ಗಾಡಿಗಳು ಒಂದಕ್ಕೊಂದು ಗುದ್ದಿದ್ದು ಪುಣೆಯವರಿಗೆ ನೆನಪಿದೆ. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದಿಂದ ಬರುವ ನಮ್ಮವರೆಲ್ಲ ದಿನವಿಡೀ ಸ್ಟಿಯರಿಂಗ್ ಹಿಡಿದು, ಮನೆ ಬಂತು ಎಂದು ಮೈಸಡಿಲಿಸುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಬರುತ್ತಾರೆ.

ವಿಮಾ ಕಂಪನಿಗೆ ಇವತ್ತೇ ಇಮೇಲ್ ಹಾಕಿ. ಪಾಲಿಸಿ ನಂಬರ್, ಅಪಘಾತದ ದಿನ-ಸಮಯ-ಜಾಗ, ಗಾಯಗೊಂಡವರ ವಿವರ, ಓಡಿಸುತ್ತಿದ್ದವರ ಹೆಸರು ಮತ್ತು ಲೈಸೆನ್ಸ್ ವಿವರ, ಇಷ್ಟನ್ನು ಕೊಡಬೇಕೆಂದು 134ನೇ ಕಲಮೇ ಹೇಳಿದೆ. ಕಾಲ್ ಸೆಂಟರಿಗೆ ಹೇಳಿದ್ದೇನೆ ಎಂಬುದು ಸಾಲದು. ನಿಮ್ಮ ಕಾರಿನ ರಿಪೇರಿಗಷ್ಟೇ ಆಗಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಕೇಳುವುದಿಲ್ಲ; ಇಲ್ಲಿ ಮೂರನೆಯವರ ಗಾಯದ ಮಾತು ಬಂದಿರುವುದರಿಂದ ಕೇಳುತ್ತಿದ್ದಾರೆ, ಅದು ಸರಿಯೇ. ಹಾನಿಯ ಅಂದಾಜಿಗೆ ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುವವರೆಗೆ ಗ್ಯಾರೇಜಿನವರು ಒಂದು ಬೋಲ್ಟನ್ನೂ ಬಿಚ್ಚಬಾರದು. ರೇಡಿಯೇಟರ್ ಒಡೆದ ಗಾಡಿಯನ್ನು ‘ಹೇಗೂ ನಡೀತದಲ್ಲ’ ಎಂದು ಓಡಿಸಿ ಎಂಜಿನ್ ಹೋದರೆ ಆ ಎಂಜಿನ್‌ಗೆ ಹಣ ಬರುವುದಿಲ್ಲ.

‘ಫುಲ್ ಇನ್ಶೂರೆನ್ಸ್’ ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ನಂಬುವವನಲ್ಲ. ಝೀರೋ ಡೆಪ್ (ಸವಕಳಿ ಕಳೆಯದೆ ಭಾಗಗಳ ಬೆಲೆ ಕೊಡುವ ಹೆಚ್ಚುವರಿ ಸೌಲಭ್ಯ) ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳ ಅರ್ಧ ಬೆಲೆ ನಿಮ್ಮ ಜೇಬಿನದೇ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಲೆಕ್ಕ ಹಾಕಿ: ರಿಯಾಯಿತಿಗೆ ಮೊದಲಿನ ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿಗೆ ಕಟ್ಟುವ) ಪ್ರೀಮಿಯಂ 10 ಸಾವಿರ ಇದ್ದು, ನೀವು 50 ಶೇಕಡಾ ಬೋನಸ್‌ನಲ್ಲಿದ್ದೀರಿ ಎಂದುಕೊಳ್ಳೋಣ. ಒಂದು ಕ್ಲೇಮ್ ಆದರೆ ಮುಂದಿನ ವರ್ಷ ಸೊನ್ನೆ, ಆಮೇಲೆ 20, 25, 35, 45 ಎಂದು ಮತ್ತೆ ಮೆಟ್ಟಿಲು ಹತ್ತಬೇಕು. ಐದು ವರ್ಷಗಳಲ್ಲಿ ಕಳೆದುಕೊಳ್ಳುವುದು 5,000, 3,000, 2,500, 1,500, 500, ಒಟ್ಟು 12,500. ಗಾಡಿ ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಡಿಮೆಯೇ. ರಿಪೇರಿ ಬಿಲ್ ಇದಕ್ಕಿಂತ ತುಂಬ ಹೆಚ್ಚಿದ್ದರೆ ಕ್ಲೇಮ್ ಮಾಡಿ. ಇದರ ಹತ್ತಿರದ್ದೇ ಆದರೆ ಕೈಯಿಂದ ಕೊಟ್ಟು ಬಿಡಿ. ಆದರೆ ರಿಪೇರಿ ಕ್ಲೇಮ್ ಮಾಡದಿದ್ದರೂ ಅಪಘಾತದ ಮಾಹಿತಿ ಕೊಡುವುದನ್ನು ಬಿಡುವಂತಿಲ್ಲ, ಎರಡೂ ಬೇರೆ ಬೇರೆ. ಕಂಪನಿ ತಡವೆಂಬ ನೆಪದಲ್ಲಿ ನಿಮ್ಮ ರಿಪೇರಿ ಹಣ ನಿರಾಕರಿಸಿದರೆ ಮೊದಲು ಅವರದೇ ದೂರು ವಿಭಾಗಕ್ಕೆ ಬರೆದು, 30 ದಿನ ನೋಡಿ, ಆಮೇಲೆ ವಿಮಾ ದೂರುಗಳನ್ನು ತೀರ್ಮಾನಿಸುವ, ಪುಣೆಯಲ್ಲೇ ಇರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ಶುಲ್ಕವಿಲ್ಲ, ವಕೀಲರೂ ಬೇಡ.

ಕೆಎ ನಂಬರ್ ಪ್ಲೇಟಿನ ಭಯವನ್ನು ಬಿಡಿ. ಅದರಿಂದ ಪಾಲಿಸಿ ರದ್ದಾಗುವುದಿಲ್ಲ, ಠಾಣೆಯಲ್ಲಿ ನೀವು ಎರಡನೇ ದರ್ಜೆಯ ದೂರುದಾರರೂ ಆಗುವುದಿಲ್ಲ. ಒಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಗಾಡಿ ಇಟ್ಟರೆ ಮರುನೋಂದಣಿ ಮಾಡಿಸಬೇಕು, ಅದು ನಿಜ. ಆದರೆ ಅದು ಆರ್‌ಟಿಓ ವಿಷಯ, ಈ ಅಪಘಾತದ ಹೊಣೆಗೆ ಸಂಬಂಧಿಸಿದ್ದಲ್ಲ.

ಈಗ ಆ 1 ಲಕ್ಷದ ಬೇಡಿಕೆ. ಅವರಿಗೆ ನೀವು ಹೇಳಬೇಕಾದ ಸತ್ಯವೊಂದಿದೆ, ಅದು ಅವರಿಗೂ ಲಾಭದ್ದು. ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ ತೀವ್ರ ಗಾಯವಾದವರು ತಪ್ಪು ಯಾರದೆಂದು ಸಾಧಿಸದೆಯೇ 2.5 ಲಕ್ಷ ಪರಿಹಾರ ಕೇಳಬಹುದು. ಸಾವಾದರೆ 5 ಲಕ್ಷ. ತಪ್ಪನ್ನು ಸಾಧಿಸಿ, ಖರ್ಚು ನಷ್ಟ ಎಲ್ಲವನ್ನೂ ಕೇಳುವುದಾದರೆ 166ನೇ ಕಲಮಿನಡಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ, ಅಲ್ಲಿ ಮಿತಿಯಿಲ್ಲ. ಎರಡು ಗಾಡಿಗಳ ತಪ್ಪು ಸೇರಿದ್ದರೆ ಯಾವುದಾದರೂ ಒಂದರಿಂದ ಪೂರ್ತಿ ವಸೂಲು ಮಾಡಿಕೊಳ್ಳಬಹುದೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮನ್ನೂ ಪಾರ್ಟಿ ಮಾಡಿಯಾರು. ಮಾಡಲಿ. ನಿಮ್ಮ ಪಾಲಿಸಿ, ಲೈಸೆನ್ಸ್ ಸರಿಯಿದ್ದರೆ ನೋಟಿಸ್ ಬಂದ ದಿನವೇ ಕಂಪನಿಗೆ ಕಳಿಸಿ. ವಾದಿಸುವವರು ಅವರು, ಕಟ್ಟುವವರೂ ಅವರೇ. ಟೆಂಪೋ ಯಾವುದೆಂದು ಕೊನೆಗೂ ಗೊತ್ತಾಗದ ಪ್ರಕರಣಗಳಿಗೆ ಹಿಟ್ ಆ್ಯಂಡ್ ರನ್ ಯೋಜನೆಯಿದೆ: ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ. ಇವೆಲ್ಲಕ್ಕೂ ಬೇಕಾದದ್ದು ಅಪಘಾತ ಆಯಿತೆಂಬ ಒಂದು ದಾಖಲೆ. ರಸ್ತೆ ಮೇಲೆ ದುಡ್ಡು ಕೊಟ್ಟು ಮುಗಿಸಿದಾಗ ಇಬ್ಬರೂ ಕಳೆದುಕೊಂಡದ್ದು ಅದನ್ನೇ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷದವರೆಗಿನ ಚಿಕಿತ್ಸೆ ಯೋಜನೆಯ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಆ ರಾತ್ರಿ ತುರ್ತು ಸಹಾಯದ 112ಕ್ಕೆ ಒಂದು ಕರೆ ಹೋಗಿದ್ದರೆ ಆ ತಾಯಿಯ ಮಣಿಕಟ್ಟಿಗೂ ಅದು ಒದಗಬಹುದಿತ್ತು. ಈಗ ಆ 7 ದಿನ ಕಳೆದಿದೆ.

ನಿಮ್ಮ ಹೆಂಡತಿಯೂ ಟೆಂಪೋದ ವಿಮೆಯಿಂದ ಪರಿಹಾರ ಕೇಳಬಹುದು. ಅರ್ಜಿಯನ್ನು ಅಪಘಾತವಾದ ಜಾಗದಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯೂ ಆಗುತ್ತದೆ. ಜೊತೆಯಲ್ಲಿ ಧಾರವಾಡದ ಅಪ್ಪ ಅಮ್ಮ ಇದ್ದು ಅವರಿಗೆ ಗಾಯವಾಗಿದ್ದರೆ ಅವರು ಧಾರವಾಡದಲ್ಲೇ, ಕನ್ನಡದಲ್ಲೇ ಕೇಸು ನಡೆಸಬಹುದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅರ್ಜಿಗೆ 6 ತಿಂಗಳ ಗಡಿ ಹಾಕಿದೆ. ಅದರ ಬಗ್ಗೆ ಕೋರ್ಟುಗಳಲ್ಲಿ ವಾದ ನಡೆದಿದೆ. ಆ ವಾದಕ್ಕೆ ನಿಮ್ಮ ಕೇಸು ಉದಾಹರಣೆಯಾಗುವುದು ಬೇಡ, 6 ತಿಂಗಳೊಳಗೇ ಹಾಕಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಖಾಲಿ ವಕಾಲತ್ತು ಹಿಡಿದು ಬರುವ ಏಜೆಂಟರಿಗೆ ಸಹಿ ಕೊಡಬೇಡಿ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಫೀ ಮಾತಾಡುವುದು ವಕೀಲರ ನಿಯಮಕ್ಕೇ ವಿರುದ್ಧ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ; ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟಿನಲ್ಲೇ ಇದೆ.

ಇದನ್ನು ಓದುತ್ತಿರುವ, ಇನ್ನೂ ಅಪಘಾತವಾಗದ ಉಳಿದವರಿಗೆ ಸ್ವಲ್ಪ. ಹೈವೇಯಲ್ಲಾಗಲಿ ಎಕ್ಸ್‌ಪ್ರೆಸ್‌ವೇಯಲ್ಲಾಗಲಿ ಮೊದಲ ಏಟಿಗಿಂತ ಎರಡನೇ ಏಟು ಹೆಚ್ಚು ಅಪಾಯದ್ದು. ಗಾಡಿ ಚಲಿಸುವಂತಿದ್ದರೆ ಎಡ ಅಂಚಿಗೆ ತನ್ನಿ, ಹಜಾರ್ಡ್ ದೀಪ ಹಾಕಿ, ಎಂಜಿನ್ ನಿಲ್ಲಿಸಿ, ಎಡಬದಿಯ ಬಾಗಿಲಿನಿಂದ ಇಳಿದು ಎಲ್ಲರೂ ಕಂಬಿಯ ಆಚೆ ಹೋಗಿ ನಿಲ್ಲಿ. ಎರಡು ಗಾಡಿಗಳ ನಡುವೆ ನಿಂತು ಡ್ಯಾಮೇಜ್ ನೋಡುತ್ತಾ ವಾದಿಸುವ ದೃಶ್ಯ ಕಂಡಾಗಲೆಲ್ಲ ನನಗೆ ಕೈಕಾಲು ತಣ್ಣಗಾಗುತ್ತದೆ. ಕುತ್ತಿಗೆ, ಬೆನ್ನಿಗೆ ಪೆಟ್ಟಾದವರನ್ನು ಬೆಂಕಿ ಅಥವಾ ಇನ್ನೊಂದು ಗಾಡಿ ಬಂದು ಗುದ್ದುವ ಭಯ ಇಲ್ಲದಿದ್ದರೆ ಎತ್ತಬೇಡಿ, 108ಕ್ಕೆ ಕಾಯಿರಿ. ಜನ ಕೈ ಎತ್ತುವ ಹಾಗಿದ್ದರೆ ಅಲ್ಲಿ ನಿಲ್ಲಬೇಕೆಂದು ಕಾನೂನೂ ಹೇಳುವುದಿಲ್ಲ, 134ರಲ್ಲಿ ಅದಕ್ಕೆ ವಿನಾಯಿತಿಯಿದೆ. 112ಕ್ಕೆ ಕರೆ ಮಾಡುತ್ತಲೇ ಹತ್ತಿರದ ಠಾಣೆಗೆ ಹೋಗಿ. ಆ ಕರೆಯೇ ನೀವು ಓಡಿಹೋಗಲಿಲ್ಲ ಎಂಬುದಕ್ಕೆ ಸಾಕ್ಷಿ. ಬೇರೆಯವರ ಅಪಘಾತ ಕಂಡರೆ ನಿಂತು ಸಹಾಯ ಮಾಡಿ. ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ, 2019ರ ತಿದ್ದುಪಡಿಯಲ್ಲಿ ಬಂದ 134ಎ ಕಲಂ ಅವರಿಗೆ ರಕ್ಷಣೆ ಕೊಟ್ಟಿದೆ. ಗೋವಾಕ್ಕೆ ಹೋಗಿ ಕಾರು ಬಾಡಿಗೆ ಹಿಡಿಯುವವರು ಒಂದನ್ನು ನೋಡಿಕೊಳ್ಳಿ: ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟಿನ ಖಾಸಗಿ ಕಾರನ್ನು 500 ರೂಪಾಯಿ ಕಡಿಮೆಗೆ ಕೊಟ್ಟರೆಂದು ತಗೊಂಡರೆ, ಬಾಡಿಗೆಗೆ ಬಿಟ್ಟ ಗಾಡಿ ಎಂಬ ಕಾರಣಕ್ಕೆ ವಿಮಾ ಕಂಪನಿ ಕೈ ಎತ್ತುತ್ತದೆ.

ಕೊನೆಯ ಪ್ರಶ್ನೆ, ಆ ತಾಯಿಯನ್ನು ನೋಡಲು ಹೋಗುವುದು. ಹೋಗಿ ಬನ್ನಿ. ಗಾಯಾಳುವನ್ನು ವಿಚಾರಿಸಿಕೊಂಡದ್ದನ್ನು ತಪ್ಪೊಪ್ಪಿಗೆ ಎಂದು ಯಾವ ನ್ಯಾಯಾಧೀಶರೂ ಹಿಡಿದದ್ದನ್ನು ನಾನು ಕಂಡಿಲ್ಲ. ಠಾಣೆಗೆ ಹೋಗಿ ಬಂದ ಮೇಲೆ ಹೋಗಿ, ಮೊದಲಲ್ಲ. ಯಾರು ಗುದ್ದಿದರು, ಯಾರ ತಪ್ಪು ಎಂಬ ಮಾತು ಬಂದರೆ ‘ಪೊಲೀಸರಿಗೆ ಎಲ್ಲ ಬರೆದು ಕೊಟ್ಟಿದ್ದೇನೆ’ ಎಂದು ನಿಲ್ಲಿಸಿ. ಹಣದ ಮಾತು ಬಂದರೆ ಮೇಲಿನ 164ನೇ ಕಲಮಿನ ವಿಷಯ ಹೇಳಿ, ಟೆಂಪೋದ ವಿಡಿಯೋದ ಒಂದು ಪ್ರತಿಯನ್ನೂ ಕೊಡಿ. ಅದನ್ನು ಹುಡುಕುವುದು ಅವರಿಗೂ ಬೇಕಾದ ಕೆಲಸ. ನಿಮ್ಮ ಪಾಲಿಸಿ ನಂಬರ್, ಕಂಪನಿಯ ಹೆಸರು ಕೇಳಿದರೆ ಬರೆದು ಕೊಡಿ, ಅದನ್ನು ಮುಚ್ಚಿಡುವ ಹಕ್ಕು ನಿಮಗಿಲ್ಲ.